ತಲೆ ಎಣಿಸದ ಹರಿಗೋಲಿನ ರತ್ನ

ನಾನು ಮದುವೆಯಾಗಿ ಸತ್ತೇಗಾಲಕ್ಕೆ ಬಂದದ್ದು ಹರಿಗೋಲಿನಲ್ಲಿ. ತವರು ಹೊಳೆಯ ಆಚೆ ದಡ, ಗಂಡನ ಮನೆ ಈಚೆ ದಡ, ನಡುವೆ ಕಾವೇರಿ. ದಿಬ್ಬಣದವರೆಲ್ಲ ಹತ್ತಿ ಕೂತ ಮೇಲೆ ನಮ್ಮ ಸೋದರತ್ತೆ, ಯಾರಾದರೂ ಉಳಿದುಬಿಟ್ಟರೋ ಏನೋ ಎಂದು ಬೆರಳು ಮಾಡಿ "ಒಂದು, ಎರಡು" ಎಂದು ಶುರುಮಾಡಿದಳು. ಹರಿಗೋಲು ನಡೆಸುವ ರಂಗನಾಯಕ ಕೈಯಲ್ಲಿದ್ದ ಹುಟ್ಟನ್ನು ಅವಳ ಬೆರಳಿಗೆ ಅಡ್ಡ ಹಿಡಿದ.

"ಎಣಿಸಬ್ಯಾಡಿ ಅವ್ವಾರೆ. ಒಳೆ ಕೇಳಿಸ್ಕತ್ತಾಳೆ."

"ಕೇಳಿಸ್ಕಂಡ್ರೆ ಏನಾಯ್ತದಯ್ಯ?"

"ಎಷ್ಟವೆ ಅಂತ ಗೊತ್ತಾದ್ರೆ ತನ್ ಪಾಲು ಕೇಳ್ತಾಳೆ."

ಸೋದರತ್ತೆ ಬೆರಳು ಮಡಚಿಕೊಂಡು ಸೆರಗಿನೊಳಗೆ ಇಟ್ಟುಕೊಂಡವಳು ಆಚೆ ದಡ ಬಿಟ್ಟು ಈಚೆ ದಡ ಮುಟ್ಟುವ ತನಕ ಹೊರಗೆ ತೆಗೆಯಲಿಲ್ಲ. ರಂಗನಾಯಕನ ಅಪ್ಪ ಒಂದು ಸಲ ದಡದಲ್ಲಿ ಎಣಿಸಿ ಹನ್ನೊಂದು ಜನ ಹತ್ತಿಸಿದ್ದನಂತೆ, ಆಚೆ ಇಳಿದದ್ದು ಹತ್ತೇ ಜನವಂತೆ. ಆವತ್ತಿನಿಂದ ಆ ಮನೆತನದಲ್ಲಿ ಹರಿಗೋಲು ಹತ್ತಿದವರ ತಲೆ ಎಣಿಸುವುದಿಲ್ಲ. ಇದು ಐವತ್ತಾರು ವರ್ಷದ ಹಿಂದಿನ ಮಾತು. ಈಗ ನಾನು ಬರೆಯಲು ಕೂತಿರುವುದು ಆ ರಂಗನಾಯಕನ ಮಗಳು ರತ್ನಳ ಬಗ್ಗೆ. ಸರ್ಕಾರದ ಕಾಯ್ದೆ ಬಂದು, "ತಲೆ ಎಣಿಸು, ಇಲ್ಲವಾದರೆ ಹರಿಗೋಲು ದಡಕ್ಕೆ ಕಟ್ಟು" ಎಂದಾಗ, ತಲೆಯನ್ನೂ ಎಣಿಸದೆ ಹರಿಗೋಲನ್ನೂ ಕಟ್ಟದೆ ಗೆದ್ದವಳು ಅವಳು.

ರತ್ನ ರಂಗನಾಯಕನಿಗೆ ಒಬ್ಬಳೇ ಮಗಳು. ನಡೆಯಲು ಕಲಿತ ಮೇಲೆ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹರಿಗೋಲಿನ ಅಂಚಿಗೆ ಬಿಗಿದು ಜೊತೆಯಲ್ಲೇ ಕೂರಿಸಿಕೊಳ್ಳುತ್ತಿದ್ದ. ಎಂಟು ವರ್ಷಕ್ಕೆ ಹುಟ್ಟು ಹಿಡಿದಳು. ಬೆಳಿಗ್ಗೆ ಆಚೆ ದಡದ ಮಕ್ಕಳನ್ನು ಶಾಲೆಗೆ ದಾಟಿಸಿ, ತಾನೂ ಒದ್ದೆ ಲಂಗದಲ್ಲೇ ಅದೇ ಶಾಲೆಯಲ್ಲಿ ಹೋಗಿ ಕೂರುತ್ತಿದ್ದಳು. ಏಳನೇ ಕ್ಲಾಸಿನ ತನಕ ಓದಿದ್ದಾಳೆ, ನನಗಿಂತ ನಾಲ್ಕು ಕ್ಲಾಸು ಜಾಸ್ತಿ.

ರಂಗನಾಯಕ ಕಲಿಸಿದ ದೊಡ್ಡ ಪಾಠ ಒಂದು ಗೀಟು. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಟಾರು ಬಳಿದ ಗೋಣಿತಾಟು. ವರ್ಷಕ್ಕೊಂದು ಸಲ ಹೊಸ ಟಾರು ಬಳಿದು ಒಣಗಿಸಿದ ಮೇಲೆ, ಅಂಚಿನಿಂದ ಒಂದು ಗೇಣು ಕೆಳಗೆ, ಹೊರಮೈಗೆ ಸುತ್ತಲೂ ಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ. "ನೀರು ಸುಣ್ಣ ನೆಕ್ಕಬಾರದು ಮಗಾ," ಎನ್ನುತ್ತಿದ್ದ. ಜನ ಹತ್ತುತ್ತಾ ಹೋದಂತೆ ಹರಿಗೋಲು ಇಳಿಯುತ್ತದೆ, ನೀರು ಗೀಟಿನ ಹತ್ತಿರ ಬಂದರೆ ಸಾಕು, ಉಳಿದವರು ಮುಂದಿನ ಸಲಕ್ಕೆ. ಎಣಿಸುವ ಕೆಲಸವೇ ಇಲ್ಲ. ದಪ್ಪಗಿರುವವರು, ತೆಳ್ಳಗಿರುವವರು, ಗೊಬ್ಬರದ ಮೂಟೆ, ಮೇಕೆ, ಎಲ್ಲದಕ್ಕೂ ಲೆಕ್ಕ ಆ ಒಂದೇ ಗೀಟು.

ಅವಳ ಮದುವೆಯೂ ಹರಿಗೋಲಿನಿಂದಲೇ ಆದದ್ದು. ರಂಗನಾಯಕ ಬಿದಿರು ತರಲು ಹನೂರಿನ ಕಡೆ ಶಾಗ್ಯಕ್ಕೆ ಹೋಗಿದ್ದಾಗ, ಅಲ್ಲಿ ನಂಜಯ್ಯ ಎಂಬ ಹುಡುಗ ಜಗಲಿಯ ಮೇಲೆ ಕೂತು ಮಂಕರಿ ಹೆಣೆಯುತ್ತಿದ್ದನಂತೆ. ಆ ಹೆಣಿಗೆಯ ಸಂದಿನಲ್ಲಿ ಸಾಸಿವೆ ಕಾಳೂ ಸೋರದಂತೆ ಇತ್ತಂತೆ. ಬಿದಿರು ಕೊಳ್ಳುವುದನ್ನು ಬಿಟ್ಟು ಹುಡುಗನನ್ನೇ ಮಾತಾಡಿಕೊಂಡು ಬಂದ. ಮದುವೆಯಾಗಿ, ನಂಜಯ್ಯ ಮಾವನ ಮನೆಗೇ ಬಂದು ನಿಂತ ಮೇಲೆ ಒಂದು ವಿಷಯ ತಿಳಿಯಿತು. ಅವನಿಗೆ ಹೊಳೆ ಕಂಡರೆ ಭಯ. ಅವನು ಹುಟ್ಟಿದ್ದು ಮಳೆ ನೋಡಿ ರಾಗಿ ಬಿತ್ತುವ ಊರು, ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಹನ್ನೊಂದು ಹರಿಗೋಲು ಹೆಣೆದಿದ್ದಾನೆ, ಒಂದರೊಳಗೂ ನೀರಿನ ಮೇಲೆ ಕೂತಿಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಿ ಸೇತುವೆಯ ಮೇಲೆ ಸುತ್ತಿಕೊಂಡು ಹೋಗುತ್ತಾನೆ.

"ನಮ್ ಮನೇಲಿ ಅಡ್ಗೆ ಮಾಡೋನು ಊಟ ಮಾಡದಿಲ್ಲ ಕಣಕ್ಕ," ಎಂದು ರತ್ನ ನಗುತ್ತಾಳೆ.

"ನೀರು ನಿನ್ನ ಮಾತು ಕೇಳ್ತದೆ, ನನ್ ಮಾತು ಕೇಳ್ತದಾ?" ಎಂದು ನಂಜಯ್ಯ ತಲೆ ಎತ್ತದೆ ಬಿದಿರು ಸೀಳುತ್ತಾನೆ.

ರಂಗನಾಯಕ ತೀರಿಕೊಂಡ ಮೇಲೆ ಕಡವು ರತ್ನಳದ್ದಾಯಿತು. ಹೆಂಗಸು ಹುಟ್ಟು ಹಾಕುತ್ತಾಳೆ ಎಂದು ಮೊದಮೊದಲು ಆಡಿಕೊಂಡವರು, ಹೊಳೆ ತುಂಬಿದ ಒಂದು ಆಷಾಢದಲ್ಲಿ ಅವಳು ಹೆರಿಗೆ ನೋವಿನ ಹೆಂಗಸನ್ನು ಈಚೆ ದಾಟಿಸಿದ ಮೇಲೆ ಬಾಯಿ ಮುಚ್ಚಿದರು. ನನಗೆ ತವರಿನಿಂದ ಬಂದ ತೆಂಗಿನ ತೋಟ ಆಚೆ ದಡದಲ್ಲೇ ಇದೆ. ನನ್ನಂತೆ ಆಚೆ ಗದ್ದೆ, ಕಬ್ಬು ಇರುವ ಹೆಂಗಸರು ಇಪ್ಪತ್ತಕ್ಕೂ ಮೇಲೆ ಇದ್ದಾರೆ. ನಮಗೆಲ್ಲ ರತ್ನಳ ಹರಿಗೋಲೇ ದಾರಿ.

ಹೋದ ವರ್ಷ ಭತ್ತದ ಕುಯ್ಲಿನ ಹೊತ್ತು. ಆಚೆ ದಡದಲ್ಲಿ ಒಂದು ಜೀಪು ಬಂದು ನಿಂತಿತ್ತು. ನಾವು ಅದನ್ನು ಕಂಡದ್ದು ಹೊಳೆಯ ನಡುಮಧ್ಯದಲ್ಲಿ. ಅವತ್ತು ಹರಿಗೋಲಿನಲ್ಲಿ ಕುಯ್ಲಿನ ಹೆಂಗಸರು ತುಂಬಿದ್ದೆವು. ಸಾಲದು ಎಂದು ನನ್ನ ಮೈದುನ ಪುಟ್ಟಬಸಪ್ಪ ಎಂದಿನಂತೆ ಕೊನೇ ಗಳಿಗೆಯಲ್ಲಿ ಬಂದು, "ಎತ್ಕಳಿ, ಎತ್ಕಳಿ," ಎಂದು ತನ್ನ ಮೊಪೆಡ್ಡನ್ನೂ ಒಳಗೆ ಏರಿಸಿ ತಾನೂ ಕೂತಿದ್ದ. ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಅವನನ್ನು ದಡದಲ್ಲಿ ಬಿಟ್ಟು ಹೊರಡುವ ಪದ್ಧತಿ ರಂಗನಾಯಕನ ಕಾಲದಿಂದಲೂ ಇರಲಿಲ್ಲ. ನೀರು ಸುಣ್ಣದ ಗೀಟನ್ನು ನೆಕ್ಕುವುದಿರಲಿ, ಮೇಲೇರಿ ಕೂತಿತ್ತು. ರತ್ನಳ ಮುಖ ಬಿಗಿದುಕೊಂಡಿತ್ತು.

ಜೀಪಿನಿಂದ ಇಳಿದಿದ್ದು ಜಲಸಾರಿಗೆ ಇಲಾಖೆಯ ಒಬ್ಬ ಹೆಂಗಸು ಅಧಿಕಾರಿ, ಹೆಸರು ಮಧುಶ್ರೀ. ಮೂವತ್ತರ ಒಳಗಿನ ವಯಸ್ಸು, ಕೈಯಲ್ಲಿ ಅಳತೆ ಟೇಪು. ಒಳನಾಡಿನ ನೀರಿನ ಮೇಲೆ ಜನ ಸಾಗಿಸುವ ದೋಣಿಗಳಿಗೆಲ್ಲ ಹೊಸ ಕಾಯ್ದೆ ಬಂದಿದೆ, ನೋಂದಣಿ ಇಲ್ಲದೆ ಓಡಿಸುವಂತಿಲ್ಲ ಎಂದು ವಿವರವಾಗಿ ಹೇಳಿದಳು. ಆಮೇಲೆ ಕೇಳಿದಳು:

"ಈಗ ಎಷ್ಟು ಜನರನ್ನ ಕರ್ಕೊಂಡು ಬಂದ್ರಿ?"

"ಎಣಿಸಿಲ್ಲ ಮೇಡಮ್ಮೋರೆ."

"ಎಣಿಸಿಲ್ಲ ಅಂದ್ರೆ?"

"ನಾವು ಎಣಿಸದಿಲ್ಲ."

"ನಿಮ್ಮ ದೋಣೀಲಿ ಎಷ್ಟು ಜೀವ ಇದೆ ಅಂತ ನಿಮಗೇ ಗೊತ್ತಿಲ್ವಾ?"

ಆ ಮಾತು ರತ್ನಳಿಗೆ ನಾಟಿತು, ನನಗೂ ನಾಟಿತು. ಹನ್ನೊಂದು ಜನ ಇದ್ದೆವು ಎಂದು ಆಮೇಲೆ ಆ ಹುಡುಗಿಯೇ ಎಣಿಸಿ ಬರೆದುಕೊಂಡಳು. ಅವಳು ಬೆರಳು ಮಾಡುತ್ತಿದ್ದರೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸರಿದು ನಿಂತೆವು. ಪುಟ್ಟಬಸಪ್ಪ ಮಾತ್ರ ಮೊಪೆಡ್ಡಿನ ಕಿಕ್ಕರ್ ತುಳಿದು ಏನೂ ಆಗದವನಂತೆ ಹೊರಟುಹೋದ.

ಮರುದಿನವೇ ಕಾಗದ ಬಂತು. ಮೊಪೆಡ್ಡಿನೊಂದಿಗೆ ಜನ ಹೇರಿದ್ದು, ಜೀವರಕ್ಷಕ ಜಾಕೆಟ್ಟು ಇಲ್ಲದ್ದು, ದೋಣಿ ನಡೆಸುವವರಿಗೆ ಪ್ರಯಾಣಿಕರ ಸಂಖ್ಯೆ ತಿಳಿಯದಿದ್ದದ್ದು, ಮೂರೂ ತಪ್ಪು. ಇಪ್ಪತ್ತು ದಿನದೊಳಗೆ ಎಲ್ಲ ಸರಿಮಾಡಿ, ಮತ್ತೆ ಪರೀಕ್ಷೆ ಕೊಟ್ಟು ನೋಂದಣಿ ಪತ್ರ ಪಡೆಯಬೇಕು. ಇಲ್ಲವಾದರೆ ಕಡವು ಮುಚ್ಚಬೇಕು. ಅಲ್ಲಿಯ ತನಕ ಹರಿಗೋಲು ನೀರಿಗೆ ಇಳಿಯುವಂತಿಲ್ಲ.

ನಂಜಯ್ಯ ಹರಿಗೋಲನ್ನು ಹೊರಳಿಸಿ ದಡದ ಹೊಂಗೆ ಮರದ ಕೆಳಗೆ ಬೋರಲು ಹಾಕಿದ. ನಾವು ಹೆಂಗಸರು ಎರಡು ಬಸ್ಸು ಹಿಡಿದು ಸೇತುವೆ ಸುತ್ತಿ ತೋಟಕ್ಕೆ ಹೋಗುವುದು ಶುರುವಾಯಿತು. ಬಸ್ಸಿಗೆ ಕಾದು ತೋಟ ಸೇರುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು.

ರತ್ನ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ನೋಂದಣಿ ಪತ್ರ ಕೊಡುವವರು ಪಂಚಾಯಿತಿಯವರು ಎಂದು ತಿಳಿದು ಮೊದಲು ಈಚೆ ದಡದ ಪಂಚಾಯಿತಿಗೆ ಹೋದಳು. ನಾನೂ ಜೊತೆಗೆ ಹೋದೆ. "ನಿಮ್ಮ ಹರಿಗೋಲು ಆಚೆ ಜಿಲ್ಲೆಗೆ ಓಯ್ತದಲ್ಲಮ್ಮ, ಅವ್ರ ಒಪ್ಗೆ ತಕಬನ್ನಿ," ಎಂದರು. ಆಚೆ ದಡಕ್ಕೆ ಬಸ್ಸಿನಲ್ಲಿ ಸುತ್ತಿ ಹೋದೆವು. ಅಲ್ಲಿ, "ಹರಿಗೋಲು ನಿಮ್ದು, ಊರು ನಿಮ್ದು, ಅಲ್ಲೇ ಮೊದ್ಲು ಕೊಡ್ಲಿ," ಎಂದರು. ಹೀಗೆ ಒಂದು ವಾರ ಹೋಯಿತು. ಹೊಳೆಯಲ್ಲಿ ಹತ್ತು ನಿಮಿಷದ ದಾರಿ, ಕಾಗದಕ್ಕೆ ಏಳು ದಿನ ಹಿಡಿದರೂ ದಾಟಲಾಗಲಿಲ್ಲ.

ಊರಲ್ಲಿ ಬುದ್ಧಿ ಹೇಳುವವರಿಗೆ ಬರವೇ? "ಲೇ ರತ್ನ, ಆ ಮೇಡಂ ಮುಂದೆ ಬಾಯಲ್ಲಿ ಎಂಟೋ ಹತ್ತೋ ಅಂದ್ಬುಡು, ಆಮೇಲೆ ನಿನ್ನಿಷ್ಟ," ಎಂದಳು ಶಿವರತ್ನಮ್ಮ. ಈ ಶಿವರತ್ನಮ್ಮ ಯಳಂದೂರಿನ ಅಗರದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಮೈಯೂ ದೊಡ್ಡದು, ಬಾಯಿಯೂ ದೊಡ್ಡದು, ಮನಸ್ಸು ಇನ್ನೂ ದೊಡ್ಡದು.

"ಸುಳ್ಳೇಳಿ ಕಾಗ್ದ ತಕಂಡ್ರೆ, ಒಳೆ ಮೇಲೆ ಯಾವ ಮಕ ಇಟ್ಕಂಡು ಓಗ್ಲಿ? ಆ ಉಡುಗಿ ಕೇಳಿದ್ದು ತಪ್ಪಲ್ಲ ಕಣಕ್ಕ. ನಮ್ಮಪ್ಪ ಏಳಿದ್ದೂ ತಪ್ಪಲ್ಲ," ಎಂದಳು ರತ್ನ. "ಎರಡೂ ಉಳೀಬೇಕು. ಎಂಗೆ ಅಂತ ಗೊತ್ತಾಯ್ತಿಲ್ಲ."

ಕೊನೆಗೆ ಕೊಳ್ಳೇಗಾಲಕ್ಕೆ ಹೋದೆವು. ಅಲ್ಲಿ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುವ ರುದ್ರಸ್ವಾಮಿ ಎಂಬವರಿದ್ದಾರೆ. ಕಣ್ಣಿಗೆ ದಪ್ಪ ಕನ್ನಡಕ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ನು. ರತ್ನ ಕಾಗದ ಕೊಟ್ಟಳು. ಅವರು ಫೋನಿನಲ್ಲಿ ಕಾಯ್ದೆಯನ್ನು ತೆಗೆದು, ತುಟಿ ಅಲ್ಲಾಡಿಸುತ್ತಾ ಬಹಳ ಹೊತ್ತು ಓದಿದರು.

"ಹರಿಗೋಲು ಎಲ್ಲಿ ಕಟ್ತೀಯಮ್ಮ?"

"ಈಚೆ ದಡ್ದಲ್ಲೇ ಸಾ. ನಮ್ ಹೊಂಗೆ ಮರಕ್ಕೆ."

"ಮನೆ?"

"ಅದೂ ಈಚೇನೇ."

"ಹಂಗಾದ್ರೆ ಈಚೆಯವರೇ ಕೊಡಬೇಕು. ಒಂದ್ ಕಡೆ ಕೊಟ್ಟಿದ್ದು ಇನ್ನೊಂದ್ ಕಡೆ ನಡೀತದೆ. ದಡದಡಕ್ಕೂ ಬೇರೆ ಕಾಗದ ಬೇಕು ಅಂದ್ರೆ ಹಡಗುಗಳು ಬದುಕೋದು ಹೆಂಗೆ?" ಎಂದು ಒಂದು ಅರ್ಜಿ ಬರೆಯತೊಡಗಿದರು. ಬರೆಯುತ್ತಲೇ ಹೇಳಿದರು, "ನೋಡಮ್ಮ, ಸಮುದ್ರದಲ್ಲಿ ನಮ್ಮ ದೇಶದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಜನ ಹೊತ್ಕೊಂಡು ಹೋಗೋ ಹಡಗು ಇರ್ತಾವಲ್ಲ, ಅದಕ್ಕೂ ಕಾಯ್ದೆ ಬೇರೆ ಆದ್ರೂ ಕೇಳೋದು ಇವೇ. ಎಷ್ಟು ಜನ? ಒಬ್ಬೊಬ್ಬರಿಗೂ ಜಾಕೆಟ್ ಇದ್ಯಾ? ಭಾರ ತುಂಬಿದಾಗ ನೀರು ಎಲ್ಲೀತನಕ ಬರಬಹುದು ಅಂತ ಹೊರಗೆ ಗೀಟು ಹಾಕಿದ್ಯಾ?"

ರತ್ನ ಮುಂದಕ್ಕೆ ಬಾಗಿದಳು. "ಅಡಗ್ಗೂ ಗೀಟು ಆಕ್ತಾರಾ ಸಾ?"

"ಹಾಕ್ಲೇಬೇಕು. ಗೀಟು ಮುಳುಗಿದ್ರೆ ಬಂದರು ಬಿಡಂಗಿಲ್ಲ."

"ನಮ್ಮಪ್ಪ ಸುಣ್ಣದಲ್ಲಿ ಆಕ್ತಿದ್ದ," ಎಂದು ಅವಳು ನನ್ನ ಕಡೆ ತಿರುಗಿದಳು. ಆ ಕಣ್ಣು ನನಗೆ ಇನ್ನೂ ನೆನಪಿದೆ. "ಚಿಕ್ಕಬಸಮ್ಮಕ್ಕ, ಕೇಳುದ್ರಾ? ನಮ್ಮಪ್ಪಂದೂ ಅಡಗೇ!"

ಗೀಟು ಗೆದ್ದಿತು, ದಡದ ಜಗಳವೂ ತೀರಿತು. ಉಳಿದದ್ದು ತಲೆಯ ಲೆಕ್ಕ. ಅದಕ್ಕೆ ರುದ್ರಸ್ವಾಮಿಯವರ ಹತ್ತಿರವೂ ಉತ್ತರ ಇರಲಿಲ್ಲ. "ಸಂಖ್ಯೆ ಹೇಳ್ಲೇಬೇಕಮ್ಮ, ಬೇರೆ ದಾರಿ ಇಲ್ಲ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಉತ್ತರ ಸಿಕ್ಕಿದ್ದು ವಾಪಸು ಬರುವ ಬಸ್ಸಿನಲ್ಲಿ. ಬಸ್ಸು ತುಂಬಿತ್ತು. ಕಂಡಕ್ಟರು ಮುಂದಿನಿಂದ ಹಿಂದಕ್ಕೆ ತಲೆ ಎಣಿಸಿಕೊಂಡು ಬಂದ, ಐವತ್ತೆಂಟು. ಹಿಂದಿನಿಂದ ಮುಂದಕ್ಕೆ ಎಣಿಸಿದ, ಅರವತ್ತೊಂದು. "ಯಾರ್ರೀ ಅದು, ಸೀಟಿನ ಕೆಳಗೆ ಕೂತಿರೋರು? ಎದ್ದು ನಿಂತ್ಕಳ್ರೀ!" ಎಂದು ಕೂಗಿದ. ಸೀಟಿನ ಕೆಳಗಿದ್ದದ್ದು ಒಂದು ಕೋಳಿ. ಬಸ್ಸೆಲ್ಲ ನಕ್ಕಿತು. ಕಂಡಕ್ಟರು ರೇಗಿ ತನ್ನ ಟಿಕೇಟಿನ ಮಿಷನ್ನು ಒತ್ತಿ ನೋಡಿ, "ಐವತ್ತೊಂಬತ್ತು, ಅಷ್ಟೇ! ತಲೆ ಲೆಕ್ಕ ತಪ್ತದೆ, ಟಿಕೇಟ್ ಲೆಕ್ಕ ತಪ್ಪದಿಲ್ಲ. ರೈಟ್ ರೈಟ್!" ಎಂದ.

ರತ್ನ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಹುಟ್ಟು ಹಾಕುವ ಕೈ, ನೋವಾಯಿತು.

"ಅಕ್ಕ, ಆ ಜಾಕೀಟು!"

"ಯಾವ್ದವ್ವ?"

"ಒಬ್ಬೊಬ್ಬರ್ಗೂ ಒಂದ್ ಜಾಕೀಟು ಕೊಡ್ಬೇಕಲ್ವಾ? ಅದೇ ನನ್ ಟಿಕೇಟು. ನಾನ್ಯಾಕೆ ತಲೆ ಎಣಿಸ್ಲಿ? ಜಾಕೀಟು ಎಣಿಸ್ತೀನಿ. ದಡದಲ್ಲಿ ಗೂಟಕ್ಕೆ ನೇತಾಕಿದ್ ಜಾಕೀಟು ಮುಗುದ್ರೆ ಅರಿಗೋಲೂ ಮುಗೀತು. ಆಚೆ ದಡದಲ್ಲಿ ಕೊಟ್ಟೋವೆಲ್ಲ ವಾಪಸ್ ಬಂದ್ರೆ ಜನಾನೂ ಬಂದ್ರು. ಒಳೆಗೆ ಏನು ಗೊತ್ತಾಯ್ತದೆ? ಬಟ್ಟೆ ಎಣಿಸ್ತವ್ಳೆ ಅಂದ್ಕತ್ತದೆ!"

ನಾನು ಆ ಬಸ್ಸಿನಲ್ಲೇ ಅವಳ ಕೆನ್ನೆ ಮುಟ್ಟಿ ದೃಷ್ಟಿ ತೆಗೆದೆ.

ಊರಿನ ಸ್ವಸಹಾಯ ಸಂಘದ ಹೆಂಗಸರೆಲ್ಲ ದುಡ್ಡು ಸೇರಿಸಿ ಮೈಸೂರಿನಿಂದ ಜಾಕೀಟು ತರಿಸಿದೆವು. ಪ್ರಯಾಣಿಕರಿಗೆ ಎಂಟು, ರತ್ನಳಿಗೆ ಒಂದು. ಎಂಟೇ ಏಕೆಂದರೆ, ಅವಳು ಹೊಂಗೆ ಮರದ ಕೆಳಗೆ ಕೂತು ಲೆಕ್ಕ ಹಾಕಿದ್ದಳು, ನಮ್ಮಂಥ ಎಂಟು ಜನ ಕೂತರೆ ನೀರು ಸುಣ್ಣಕ್ಕೆ ಎರಡು ಬೆರಳು ಕೆಳಗೇ ನಿಲ್ಲುತ್ತದೆ. ಕಿತ್ತಳೆ ಬಣ್ಣದ, ಹೊಸ ಪ್ಲಾಸ್ಟಿಕ್ಕಿನ ವಾಸನೆಯ ಜಾಕೀಟು ತೊಟ್ಟು ನೋಡುವ ದಿನ ನಗು ತಡೆಯಲಾಗಲಿಲ್ಲ. ಶಿವರತ್ನಮ್ಮನ ಎದೆಗೆ ಪಟ್ಟಿ ಎಟುಕಲಿಲ್ಲ.

"ಇದ್ಯಾವ ಕೋಳಿಗೆ ಒಲ್ದಿರೋದು? ನಾನು ಮುಳುಗಿದ್ರೆ ಒಳೆಯೇ ಆಚೆ ಚೆಲ್ತದೆ ಬುಡು!"

"ನೀನು ಮುಳುಗೋದಿಲ್ಲ ಕಣಕ್ಕ, ಮುಳುಗ್ದಂಗೆ ಪಟ್ಟಿ ಉದ್ದ ಮಾಡ್ತೀನಿ," ಎಂದು ರತ್ನ ಅಂಗಡಿಯವರಿಗೆ ಫೋನು ಮಾಡಿ ದೊಡ್ಡ ಅಳತೆಯದನ್ನು ಬದಲಾಯಿಸಿ ತರಿಸಿದಳು. ನಂಜಯ್ಯ ದಡದಲ್ಲಿ ಎರಡು ಕಂಬ ನೆಟ್ಟು, ಅಡ್ಡಕ್ಕೆ ಬಿದಿರು ಕಟ್ಟಿ, ಎಂಟು ಗೂಟ ಹೊಡೆದ. ಒಂದೊಂದು ಗೂಟಕ್ಕೆ ಒಂದೊಂದು ಜಾಕೀಟು.

ರುದ್ರಸ್ವಾಮಿಯವರ ಅರ್ಜಿ ಓದಿದ ಮೇಲೆ ಪಂಚಾಯಿತಿಯವರು, "ಮೇಡಂ ಪರೀಕ್ಷೆ ಮಾಡಿ ಸರಿ ಅಂದ್ರೆ ನಾವು ಅವತ್ತೇ ಸೀಲು ಹೊಡೀತೀವಿ," ಎಂದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಧುಶ್ರೀ ಬಂದಳು. ಸತ್ತೇಗಾಲದ ಅರ್ಧ ಜನ ದಡದಲ್ಲಿ ನಿಂತಿದ್ದರು. ಇನ್ನೊಂದು ದಿನ ಕಳೆದರೆ ಕಡವು ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಅವಳು ಟೇಪು ಹಿಡಿದು ಹರಿಗೋಲಿನ ಅಗಲ ಅಳೆದಳು, ಆಳ ಅಳೆದಳು, ಅಂಚಿನಿಂದ ಸುಣ್ಣದ ಗೀಟಿಗೆ ಎಷ್ಟೆಂದು ಮೂರು ಕಡೆ ಅಳೆದಳು. ಮೂರು ಕಡೆಯೂ ಒಂದೇ ಬಂತು.

"ಈ ಗೀಟು ಯಾರು ಹೇಳಿ ಹಾಕಿಸಿದ್ರು? ನಾನು ಹೇಳೋಕೆ ಬಂದಿದ್ದೇ ಇದನ್ನ."

"ನಮ್ಮಪ್ಪ ಮೇಡಮ್ಮೋರೆ. ಅವತ್ತು ನೀವು ಬಂದ ದಿನ ನೀರು ಈ ಗೀಟು ದಾಟಿತ್ತು. ಅದು ನನ್ ತಪ್ಪು, ಒಪ್ಕತ್ತೀನಿ. ಮರ್ಯಾದೆಗೆ ಅಂಜಿ ಏರಿಸ್ಕಂಡೆ. ಇನ್ನು ಏರಿಸದಿಲ್ಲ."

ಮಧುಶ್ರೀ ಅವಳ ಮುಖವನ್ನೇ ನೋಡಿದಳು. "ಸರಿ, ಭರ್ತಿ ಮಾಡಿ ತೋರ್ಸಿ. ಪೂರ್ತಿ ಭಾರ ಹಾಕಿ ಆಚೆ ದಡ ಮುಟ್ಟಿಸಬೇಕು."

ರತ್ನ ತನ್ನ ಜಾಕೀಟು ಬಿಗಿದುಕೊಂಡು, ಗೂಟಗಳಿಂದ ಒಂದೊಂದೇ ತೆಗೆದುಕೊಡುತ್ತಾ ಎಣಿಸಿದಳು.

"ಲಾಭ..."

ಮೊದಲನೆಯದು ನನಗೆ. "ಎರಡು," ಶಿವರತ್ನಮ್ಮನಿಗೆ. "ಮೂರು..."

"ತಾಳಿ, ತಾಳಿ," ಎಂದಳು ಮಧುಶ್ರೀ. "ಒಂದು ಎಲ್ಲಿ?"

ದಡದವರೆಲ್ಲ ಒಟ್ಟಿಗೆ, "ಲಾಭವೇ ಒಂದು ಮೇಡಮ್ಮೋರೆ!" ಎಂದರು. ಕಣದಲ್ಲಿ ರಾಗಿ ಅಳೆಯುವಾಗಲೂ ನಾವು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆ ಹುಡುಗಿ ಪುಸ್ತಕದಲ್ಲಿ ಏನೋ ಬರೆದು ಅದನ್ನು ಹೊಡೆದುಹಾಕಿ ಮತ್ತೆ ಬರೆದಳು.

ಏಳು ಜಾಕೀಟು ಹೋದವು. ಎಂಟನೆಯದು ಗೂಟದಲ್ಲಿ ಉಳಿದಿತ್ತು. ಆಗ ಬಂದ, ಮೊಪೆಡ್ಡಿನ ಹಾರನ್ ಹೊಡೆಯುತ್ತಾ ನನ್ನ ಮೈದುನ ಪುಟ್ಟಬಸಪ್ಪ.

"ತಡಿಯಮ್ಮಿ, ತಡಿ! ಎಂಟ್ನೇನೋನು ನಾನೇ. ಎತ್ಕಳಿ ಗಾಡಿಯ!"

ರತ್ನ ಹುಟ್ಟನ್ನು ನೆಲಕ್ಕೆ ಊರಿದಳು.

"ಗಾಡಿ ಬರದಿಲ್ಲ ಅಪ್ಪೋರೆ. ನೀವು ಬನ್ನಿ, ಜಾಕೀಟು ಆಕ್ಕಳಿ."

"ಏನಂದೆ? ನಾನು ಆ ಕಿತ್ಲೆ ಸಿಪ್ಪೆ ಆಕ್ಕಬೇಕಾ? ಗಾಡಿ ಬುಟ್ಟು ಅಲ್ಲಿ ನಡ್ಕಂಡು ಓಗ್ಬೇಕಾ? ನಿಮ್ಮಪ್ಪ ಯಾವತ್ತಾರ ನನ್ನ ದಡ್ದಲ್ಲಿ ಬುಟ್ಟು ಓಗಿದ್ನಾ?"

"ನಮ್ಮಪ್ಪಂಗೆ ಬುಡೋ ಧೈರ್ಯ ಇರ್ಲಿಲ್ಲ. ಗೀಟು ಆಕೋ ಧೈರ್ಯ ಇತ್ತು. ಮಿಕ್ಕಿದ್ದ ನಾನು ಮಾಡ್ತೀನಿ."

ಪುಟ್ಟಬಸಪ್ಪ ನನ್ನ ಕಡೆ ತಿರುಗಿದ. "ಅತ್ಗೆ, ನೀವಾರ ಏಳಿ ಇವ್ಳಿಗೆ."

ನಾನು ಜಾಕೀಟಿನೊಳಗೆ ಬೊಂಬೆಯಂತೆ ಕೂತಿದ್ದೆ. "ಏಳ್ತೀನಿ ಕಣಪ್ಪ," ಎಂದೆ. "ರತ್ನ, ನಡಿಯವ್ವ ಒತ್ತಾಯ್ತು."

ನಗು ದಡದ ಉದ್ದಕ್ಕೂ ಹರಿಯಿತು. ಪುಟ್ಟಬಸಪ್ಪ ಮೊಪೆಡ್ಡಿನ ಮೇಲೆ ಕೈ ಕಟ್ಟಿ ಕೂತ. ಮಧುಶ್ರೀ ಪುಸ್ತಕದಲ್ಲಿ ಏನನ್ನೋ ಗುರುತು ಮಾಡಿಕೊಂಡಳು. ಆದರೆ ಆಮೇಲೆ ಹೇಳಿದ ಮಾತಿಗೆ ನಗು ನಿಂತಿತು.

"ಒಬ್ಬರು ಕಡಿಮೆ ಇದಾರೆ. ಪೂರ್ತಿ ಭಾರದಲ್ಲಿ ನೋಡದೆ ನಾನು ಎಂಟು ಅಂತ ಬರೆಯೋಕಾಗಲ್ಲ."

ದಡದಲ್ಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟಬಸಪ್ಪ ಅಲ್ಲೇ ಗುರಾಯಿಸಿಕೊಂಡು ಕೂತಿರುವಾಗ, ಅವನಿಗೆ ಬಿಟ್ಟ ಜಾಗಕ್ಕೆ ಹೋಗಿ ಕೂರಲು ಯಾರಿಗೂ ಕಾಲು ಏಳಲಿಲ್ಲ. ಹೆಂಗಸರಲ್ಲಿ ಉಳಿದವರು ಕೈಗೂಸುಗಳ ತಾಯಂದಿರು. ರತ್ನ ಯಾರನ್ನೂ ಕರೆಯಲಿಲ್ಲ. ಹುಟ್ಟು ಹಿಡಿದು ಗೂಟದಲ್ಲಿದ್ದ ಆ ಒಂದು ಜಾಕೀಟನ್ನೇ ನೋಡುತ್ತಾ ನಿಂತಳು.

ಹೊಂಗೆ ಮರದ ಕೆಳಗಿಂದ ನಂಜಯ್ಯ ಎದ್ದ. ತೊಡೆಯ ಮೇಲಿದ್ದ ಬಿದಿರಿನ ಸಿಗುರನ್ನು ಕೊಡವಿಕೊಂಡ. ಅಡ್ಡಬಿದಿರಿನ ಹತ್ತಿರ ಬಂದು, ಎಂಟನೆಯ ಜಾಕೀಟನ್ನು ತೆಗೆದು, ಹಿಂದುಮುಂದಾಗಿ ತೊಟ್ಟುಕೊಂಡ.

"ಅಯ್ಯೋ, ತಿರುಗ್ಸಿ ಆಕ್ಕಳಿ," ಎಂದಳು ರತ್ನ. ಅವಳ ದನಿ ಸಣ್ಣಗಾಗಿತ್ತು. "ನೀವು ಬತ್ತೀರಾ? ನಿಮ್ಗೆ..."

"ನಾನು ಹೆಣೆದಿದ್ದು. ಸೋರ್ತದಾ ಇಲ್ವಾ ಅಂತ ನಂಗೆ ಗೊತ್ತಿಲ್ವಾ?" ಎಂದ ನಂಜಯ್ಯ. ತುಟಿ ಬಿಳಿಚಿಕೊಂಡಿತ್ತು. ಒಂದು ಕಾಲು ಒಳಗಿಟ್ಟ, ಹರಿಗೋಲು ವಾಲಿತು, ಕಣ್ಣು ಮುಚ್ಚಿಕೊಂಡ. ಶಿವರತ್ನಮ್ಮ ಅವನ ರಟ್ಟೆ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಬಾರಯ್ಯ ಶಾಗ್ಯದ ಅಳಿಯ, ನನ್ ಪಕ್ಕ ಕೂತ್ಕಂಡ್ರೆ ಗಾಳಿನೂ ಅಲ್ಲಾಡ್ಸದಿಲ್ಲ."

"ಎಂಟು," ಎಂದಳು ರತ್ನ. ಗೂಟಗಳೆಲ್ಲ ಖಾಲಿ.

ಮಧುಶ್ರೀ ತನ್ನದೇ ಜಾಕೀಟು ತೊಟ್ಟು, ಇಲಾಖೆಯಿಂದ ತರಿಸಿದ್ದ ಸಣ್ಣ ದೋಣಿಯಲ್ಲಿ ಪಕ್ಕದಲ್ಲೇ ಬಂದಳು. ಬಗ್ಗಿ ನೋಡಿದಳು. ನೀರು ಸುಣ್ಣದ ಗೀಟಿಗೆ ಎರಡು ಬೆರಳು ಕೆಳಗೆ ನಿಂತಿತ್ತು, ರತ್ನ ಹೇಳಿದ ಹಾಗೆ. ನಡುಹೊಳೆಯಲ್ಲಿ ಸೆಳವು ಇರುವ ಕಡೆ ಹರಿಗೋಲು ಒಂದು ಸುತ್ತು ತಿರುಗಿತು. ನಂಜಯ್ಯ ಅಂಚಿನ ಬಿದಿರನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ನಾನು ನೋಡುತ್ತಿದ್ದಂತೆ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಹೆಂಡತಿ ನಿಂತುಕೊಂಡು, ತುಸುವೇ ಬಾಗಿ, ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದಿಂದ ದಡದಲ್ಲಿ ಕೂತು ಅವಳ ಬೆನ್ನನ್ನು ಮಾತ್ರ ನೋಡಿದ್ದವನು ಆವತ್ತು ಹೊಳೆಯ ಮೇಲೆ ಅವಳ ಮುಖ ನೋಡಿದ.

"ಇಷ್ಟೇನಾ?" ಎಂದ.

"ಇಷ್ಟೇ," ಎಂದಳು ರತ್ನ.

"ಥೂ, ಬಸ್ಸಿಗೆ ಎಷ್ಟು ಓಡಾಡ್ಬುಟ್ಟೆ!"

ಆಚೆ ದಡದಲ್ಲಿ ಇಳಿದೆವು. ಒಬ್ಬೊಬ್ಬರೂ ಜಾಕೀಟು ಬಿಚ್ಚಿ ರತ್ನಳ ತೋಳಿಗೆ ಹಾಕುತ್ತಾ ಬಂದೆವು. "ಲಾಭ, ಎರಡು, ಮೂರು, ನಾಕು, ಐದು, ಆರು, ಏಳು." ಎಂಟನೆಯದು ಸಿಕ್ಕಲಿಲ್ಲ. ನಂಜಯ್ಯ ಅದನ್ನು ತೊಟ್ಟುಕೊಂಡೇ ಆಚೆ ದಡದ ಮಣ್ಣನ್ನು ಕಾಲಿನಲ್ಲಿ ಒತ್ತಿ ಒತ್ತಿ ನೋಡುತ್ತಿದ್ದ. ಅವನನ್ನು ಕೂಗಿ ಕರೆದು, "ಎಂಟು," ಎಂದಳು.

"ಎಷ್ಟು ಜನ ಬಂದ್ರು?" ಎಂದು ಮಧುಶ್ರೀ ಮೊದಲ ದಿನದ ಪ್ರಶ್ನೆಯನ್ನೇ ಕೇಳಿದಳು.

"ಕೊಟ್ಟ ಜಾಕೀಟೆಲ್ಲ ಬಂದ್ವು ಮೇಡಮ್ಮೋರೆ. ಎಂಟು. ಯಾರೂ ಬಾಕಿ ಇಲ್ಲ."

ಆ ಹುಡುಗಿ ರತ್ನಳ ತೋಳಿನ ಮೇಲಿದ್ದ ಜಾಕೀಟುಗಳನ್ನು ಎಣಿಸಿ ನೋಡಿದಳು. "ನಾನು ನೋಡಿದ ಕಡವುಗಳಲ್ಲಿ ಬೋರ್ಡಿನ ಮೇಲೆ ಸಂಖ್ಯೆ ಬರೆದಿರ್ತಾರೆ, ಹತ್ತಿಸೋದು ಅದರ ಎರಡರಷ್ಟು," ಎಂದಳು. "ನಿಮ್ಮ ಹತ್ರ ಗೂಟ ಖಾಲಿ ಆದ ಮೇಲೆ ಹತ್ತಿಸೋಕೆ ದಾರೀನೇ ಇಲ್ಲ. ಇದು ಬೋರ್ಡಿಗಿಂತ ಗಟ್ಟಿ." ಅಲ್ಲೇ ಹರಿಗೋಲಿನ ಅಂಚಿನ ಮೇಲೆ ಪುಸ್ತಕ ಇಟ್ಟುಕೊಂಡು ಸಹಿ ಹಾಕಿದಳು. ಮಧ್ಯಾಹ್ನಕ್ಕೆ ಪಂಚಾಯಿತಿಯ ಸೀಲೂ ಬಿತ್ತು. ಪತ್ರದಲ್ಲಿ ಮಾಲೀಕರು ಎಂಬ ಕಡೆ ರತ್ನ, ತಯಾರಿಸಿದವರು ಎಂಬ ಕಡೆ ನಂಜಯ್ಯ. ಹರಿಗೋಲಿಗೆ ಹೆಸರೂ ಬೇಕಿತ್ತು. ರತ್ನ ಯೋಚನೆ ಮಾಡದೆ ಹೇಳಿದಳು: ರಂಗನಾಯಕ.

ಕಾಯ್ದೆಯ ಪ್ರಕಾರ ದಡದಲ್ಲಿ ಬೋರ್ಡೂ ಇರಲೇಬೇಕಲ್ಲ. ನಂಜಯ್ಯ ಹಲಗೆ ಮಾಡಿದ, ರತ್ನ ತನ್ನ ಕೈಯಿಂದಲೇ ಬಣ್ಣದಲ್ಲಿ ಬರೆದಳು. ಎಷ್ಟು ಜನ ಎಂದು ಬರೆಯಬೇಕಾದ ಜಾಗದಲ್ಲಿ "ಜಾಕೀಟು ಎಂಟು" ಎಂದಿದೆ. ಅದಕ್ಕೆ ಯಾರೂ ತಕರಾರು ಮಾಡಿಲ್ಲ.

ಪುಟ್ಟಬಸಪ್ಪ ನಾಲ್ಕು ದಿನ ಸೇತುವೆ ಸುತ್ತಿಕೊಂಡು ಮೊಪೆಡ್ಡಿನಲ್ಲಿ ಹೋದ. ಐದನೆಯ ದಿನ ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಕೈ ಚಾಚಿದ. ರತ್ನ ಜಾಕೀಟನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಅವತ್ತು ಅವನೇ ಮೊದಲು ಬಂದಿದ್ದವನು.

"ಲಾಭ," ಎಂದಳು ರತ್ನ.